ನಮ್ಮ ಮನೀಗೆ ಬರ್ರಿ ಅಂದಿದ್ದಕ್ಕ

ಕರೆಂಟು ಹೋಯಿತು. ಹೋಗಲಿ ಬಿಡಿ, ಇನ್ನು ಬೆಳಗಾಗುವವರೆಗೆ ಅದರ ಆಸೆ ಬೇಡ. ಬಾಗಿಲು ಮುಂದೆ ಮಾಡಿ, ಚಿಮಣಿ ಸಣ್ಣಗೆ ಮಾಡಿ ಕೂತುಕೊಳ್ಳಿ. ನಾನು ಹೇಳುವುದನ್ನು ನಂಬಿ ಎಂದು ಯಾರ ಕೈಕಾಲೂ ಹಿಡಿಯುವುದಿಲ್ಲ. ಆದರೆ ಇದು ಎಲ್ಲೋ ಕೇಳಿದ್ದಲ್ಲ. ನರೋಣಾದಲ್ಲಿ, ನಮ್ಮದೇ ಓಣಿಯಲ್ಲಿ, ರೇಷ್ಮೆ ಇಲಾಖೆಯ ಸೈದಪ್ಪನ ಮನೆಯಲ್ಲಿ ನಡೆದದ್ದು... ತೊಂಬತ್ತೈದನೇ ಇಸವಿ, ದೀಪಾವಳಿ ಮುಗಿದು ಚಳಿ ಶುರುವಾಗಿತ್ತು.

ಸೈದಪ್ಪ ಅವತ್ತು ಜಪಾನಿನಿಂದ ವಾಪಸು ಬರುತ್ತಿದ್ದ. ನಗಬೇಡಿ. ಹುಳ ಸಾಕುವ ಹೊಸ ಪದ್ಧತಿ ಕಲಿತು ಬರಲಿ ಎಂದು ಸರ್ಕಾರವೇ ಕಳಿಸಿತ್ತು. ಮೂರು ತಿಂಗಳು ಅಲ್ಲಿದ್ದ. ವಿಮಾನ, ರೈಲು, ಮತ್ತೊಂದು ರೈಲು, ಕೊನೆಗೆ ಕಲಬುರಗಿಯ ಕಡೇ ಬಸ್ಸು... ಅದೂ ಅವನನ್ನು ಊರ ಹೊರಗಿನ ಕ್ರಾಸಿನಲ್ಲಿ ಇಳಿಸಿ ಹೋಯಿತು. ತಲೆಯ ಮೇಲೆ ಸೂಟ್‌ಕೇಸು, ಹೆಗಲಿಗೆ ಚೀಲ. ಕಾಲು ತನ್ನವೇ ಅನ್ನಿಸುತ್ತಿರಲಿಲ್ಲ. ನಿದ್ದೆಗಣ್ಣಲ್ಲೇ ನಡೆಯುತ್ತಿದ್ದ.

ದಾರಿಯಲ್ಲಿ ಆಲದ ಮರ, ಅದರ ಕೆಳಗೆ ಹಳೇ ಬಾವಿ. ನೀವೂ ನೋಡಿದ್ದೀರಿ. ಮರದಲ್ಲಿ ಬಾವಲಿಗಳು ಚೀಂವ್ ಚೀಂವ್ ಎನ್ನುತ್ತಿದ್ದವು. ಬಾವಿ ದಾಟಿದ್ದೇ ತಡ, ಅವು ಸುಮ್ಮನಾದವು. ಒಮ್ಮೆಲೇ.

ಹಿಂದಿನಿಂದ ಸಪ್ಪಳ ಬಂತು.

ಟೊಕ್... ಸರ್ರ್. ಟೊಕ್... ಸರ್ರ್.

ಕಟ್ಟಿಗೆ ನೆಲಕ್ಕೆ ಬಡಿಯುವ ಸಪ್ಪಳ, ಆಮೇಲೆ ಕಟ್ಟಿಗೆ ನೆಲಕ್ಕೆ ತಿಕ್ಕುವ ಸಪ್ಪಳ. ಒಂದು ಕಾಲು ಎತ್ತಿಟ್ಟು, ಇನ್ನೊಂದನ್ನು ಎತ್ತಲಾರದೆ ಎಳೆಯುವವರ ನಡಿಗೆ. ಸೈದಪ್ಪ ನಿಂತ. ಅದೂ ನಿಂತಿತು.

“ಯಾರ್ರೀ?” ಅಂದ, ಮೆಲ್ಲಗೆ.

ತಲೆಯ ಮೇಲಿನ ಸೂಟ್‌ಕೇಸು ಸರಿಮಾಡಿಕೊಂಡ.

ಮಠದ ಅಯ್ಯನವರು ಪಾದುಕೆ ಮೆಟ್ಟಿಕೊಂಡು ಹೊರಟಿರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಕಟ್ಟಿಗೆಯ ಹಾವಿಗೆ ನಮ್ಮಲ್ಲಿ ಮತ್ಯಾರು ಮೆಟ್ಟುತ್ತಾರೆ? ಆದರೆ ಹೇಳಿಕೊಂಡದ್ದನ್ನು ಅವನೇ ನಂಬಲಿಲ್ಲ. ಆ ಸಪ್ಪಳದ ಗುರುತು ಅವನಿಗಿತ್ತು. ಅದನ್ನು ಮೊದಲು ಕೇಳಿದ್ದು ಸಮುದ್ರದ ಆಚೆ. ತಿರುಗಿ ನೋಡದೆ ನಡೆದ. ಓಣಿಗೆ ಹಾಸಿದ ಫರ್ಸಿಗಲ್ಲು ಶುರುವಾದ ಮೇಲೆ ಅದು ಇನ್ನೂ ಸ್ಪಷ್ಟವಾಗಿ ಕೇಳಿಸಿತು. ಮನೆಯ ಬಾಗಿಲವರೆಗೂ ಬಂತು.

ಇನ್ನು ಸಮುದ್ರದ ಆಚೆಯ ಸಂಗತಿ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದಕ್ಕೆ ಬುಡವಿರುವುದಿಲ್ಲ.

ಅಲ್ಲಿ ಒಂದು ರವಿವಾರ, ಕಲಿಯಲು ಬಂದವರನ್ನೆಲ್ಲ ಬಸ್ಸಿನಲ್ಲಿ ಕೂರಿಸಿ ಒಂದು ಊರು ತೋರಿಸಲು ಕರೆದೊಯ್ದರು. ಊರೆಂದರೆ ಜನ ಬಾಳುವ ಊರಲ್ಲ. ನಮ್ಮಲ್ಲಿ ನಿಜಾಮನ ಕಾಲದಲ್ಲಿ ಜಾಗೀರದಾರರು, ದೇಶಮುಖರು ಇದ್ದರಲ್ಲ, ಹಾಗೆ ಅಲ್ಲಿಯೂ ಕತ್ತಿ ಕಟ್ಟಿದ ಸರದಾರರು ಇದ್ದರಂತೆ. ಅವರ ಕಾಲದ ಪೇಟೆ ಎಂದೋ ಸುಟ್ಟು ಬೂದಿಯಾಗಿತ್ತು. ಅದೇ ಜಾಗದಲ್ಲಿ, ಅದೇ ನಮೂನೆ, ಹೊಸದಾಗಿ ಕಟ್ಟಿ ನಿಲ್ಲಿಸಿದ್ದರು. ದೊಡ್ಡದೊಂದು ಕಟ್ಟಿಗೆಯ ಅಗಸಿ ಬಾಗಿಲು, ಅಗಸಿಯಲ್ಲಿ ಟಿಕೇಟು. ಒಳಗೆ ಹುಲ್ಲು ಹೊದಿಸಿದ ಮನೆಗಳು, ಕಾಗದ ಅಂಟಿಸಿದ ಬಾಗಿಲುಗಳು, ಕಮ್ಮಾರನ ಕುಲುಮೆ, ಅಕ್ಕಿ ಅಂಗಡಿ, ಗಂಟೆ ತೂಗುಹಾಕಿದ ಗೋಪುರ. ಓಣಿ ತುಂಬ ಹಳೇ ಕಾಲದ ವೇಷ ಹಾಕಿದ ಸಂಬಳದ ಜನ. ಒಬ್ಬ ಸರದಾರ ಸೊಂಟಕ್ಕೆ ಎರಡು ಕತ್ತಿ ಸಿಕ್ಕಿಸಿಕೊಂಡು ಬಂದು ಹುಬ್ಬು ಗಂಟು ಹಾಕಿ ಎಲ್ಲರನ್ನೂ ಹೆದರಿಸಿದ. ಸ್ವಲ್ಪ ಹೊತ್ತಿಗೆ ಗೋಡೆಯ ಮರೆಯಲ್ಲಿ ಸಿಗರೇಟು ಸೇದುತ್ತ ನಿಂತಿದ್ದ.

ಸೈದಪ್ಪನ ಜೊತೆಗೆ ನಮ್ಮ ಕಡೆಯವನು ಇನ್ನೊಬ್ಬನಿದ್ದ. ಜೇವರ್ಗಿ ಕಡೆಯ ಇಜೇರಿಯ ಶರಫುದ್ದೀನ, ಅದೇ ಇಲಾಖೆಯವನು. ಅವನಿಗೆ ಎಲ್ಲವನ್ನೂ ನೋಡುವ ಹುರುಪು.

“ನಡೀ ಭಾಯಿ, ಆ ಕಡಿ ಕತ್ತಿ ಕಾಳಗ ಅದ ಅಂತ.”

“ನೀ ಹೋಗಿ ಬಾ. ನನಗ ಸಾಕಾಗ್ಯದ,” ಅಂದ ಸೈದಪ್ಪ.

ನಿಜಕ್ಕೂ ಸಾಕಾಗಿತ್ತು. ತಿಳಿಯದ ಮಾತು ಕೇಳಿ ಕೇಳಿ, ರೊಟ್ಟಿ ಕಾಣದ ಊಟ ಉಂಡು ಉಂಡು ಮನುಷ್ಯ ಒಳಗಿನಿಂದಲೇ ಸೋತಿದ್ದ. ಮೇಲೆ ಮನೆಯ ಚಿಂತೆ. ಹೆಂಡತಿ ಶಿವಕಾಂತಾಳಿಗೆ ಎರಡು ಸಲ ಹೊಟ್ಟೆಯಲ್ಲಿ ನಿಂತದ್ದು ಉಳಿದಿರಲಿಲ್ಲ. ದಣಿಯಬಾರದು ಎಂದು ಸೂಲಗಿತ್ತಿ ಮಾಣಿಕಮ್ಮ ಹೇಳಿದ್ದಳು. ಆದರೆ ಮನೆಯ ಹಿಂದೆ ಹುಳದ ಮನೆ, ಅದರ ಹಿಂದೆ ಹಿಪ್ಪುನೇರಳೆ ತೋಟ. ಹುಳಕ್ಕೆ ರಾತ್ರಿಯೂ ಸೊಪ್ಪು ಹಾಕಬೇಕು. ಅವನ ತಾಯಿ ಗುರುಶಾಂತಮ್ಮನಿಗೆ ಮೊಣಕಾಲು ಹಿಡಿದಿದ್ದವು. ಹೀಗಾಗಿ ಎಲ್ಲ ಒಬ್ಬಳ ಮೇಲೆ ಬಿದ್ದಿತ್ತು.

ಆ ಊರಿನ ತುದಿಯಲ್ಲಿ ಒಂದು ಎತ್ತರದ ಮನೆ. ಕೆಳಗೆ ಒಲೆಯ ಪಕ್ಕದಲ್ಲಿ ಮುದುಕನ ಗೊಂಬೆಯೊಂದನ್ನು ಕೂರಿಸಿದ್ದರು. ಅಟ್ಟದ ಮೇಲೆ ಹುಳದ ತಟ್ಟೆಗಳು ಕಂಡವು. ಪರದೇಶದಲ್ಲಿ ತನ್ನ ಕಸುಬು ಕಂಡು ಸೈದಪ್ಪನಿಗೆ ಜೀವ ಬಂದಂತಾಯಿತು. ಕೆರ ಬಿಚ್ಚಿಟ್ಟು ಏಣಿ ಹತ್ತಿದ. ಅಲ್ಲಿ ಯಾರೇ ಆಗಲಿ ಕೆರ ಹೊರಗೆ ಬಿಟ್ಟೇ ಒಳಗೆ ಬರಬೇಕು.

ತಟ್ಟೆಯಲ್ಲಿದ್ದವು ನಿಜವಾದ ಹುಳಗಳಲ್ಲ. ಬಿಳಿ ಮೇಣದವು. ಸೊಪ್ಪು ಹಸಿರು ಬಟ್ಟೆಯದು. ಮುಟ್ಟಿ ನೋಡಿದ, ಬಟ್ಟೆಯೇ. ಆದರೆ... ಸಪ್ಪಳ ಕೇಳುತ್ತಿತ್ತು. ಚರಚರ ಚರಚರ... ಸಾವಿರಾರು ಹುಳ ಕೂಡಿ ಸೊಪ್ಪು ತಿನ್ನುವ ಸಪ್ಪಳ. ಅದನ್ನು ಸೈದಪ್ಪನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಟೊಕ್... ಸರ್ರ್.

ತಟ್ಟೆಗಳ ಸಾಲಿನ ಆಚೆಯಿಂದ ಒಬ್ಬ ಮುದುಕಿ ಬಂದಳು. ನೀಲಿ ಅಂಗಿ, ತಲೆಗೆ ಬಟ್ಟೆ, ಕಂಕುಳಲ್ಲಿ ಸೊಪ್ಪಿನ ಬುಟ್ಟಿ. ಕಾಲಲ್ಲಿ ಕಟ್ಟಿಗೆಯ ಹಾವಿಗೆ. ಮನೆಯೊಳಗೆ ಹಾವಿಗೆ ಏಕೆ ಎಂದು ಅವನಿಗೆ ಆಗ ಹೊಳೆಯಲಿಲ್ಲ. ವೇಷದ ಕೆಲಸದವಳು ಎಂದುಕೊಂಡ. ಅವನು ನೋಡಿದ್ದು ಅವಳ ಮುಖ. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಒಂದು ತಟ್ಟೆಗೆ ಸೊಪ್ಪು ಹಾಕುವುದು, ತಟ್ಟೆಗಳ ಗೂಟ ಹಿಡಿದು ನಿಲ್ಲುವುದು, ಉಸಿರು ಎಳೆದುಕೊಂಡು ಮತ್ತೊಂದಕ್ಕೆ ಹಾಕುವುದು. ಶಿವಕಾಂತಾಳೂ ಹೀಗೇ ಗೂಟ ಹಿಡಿದು ನಿಲ್ಲುತ್ತಾಳೆ.

“ಕುಂದರ್ರಿ ಅವ್ವಾ. ಭಾಳ ದಣದೀರಿ,” ಅಂದ. ಕನ್ನಡದಲ್ಲೇ ಅಂದ.

ಅವಳ ಕೈಯಿಂದ ಬುಟ್ಟಿ ಇಸಿದುಕೊಂಡು ಉಳಿದ ತಟ್ಟೆಗಳಿಗೆ ತಾನೇ ಸೊಪ್ಪು ಹಾಕಿದ. ಮುದುಕಿ ಮೂಲೆಯಲ್ಲಿ ಕೂತು ಅವನನ್ನೇ ನೋಡಿದಳು. ಏನೋ ಅಂದಳು. ತಿಳಿಯಲಿಲ್ಲ. ಅವನು ಬುಟ್ಟಿ ವಾಪಸು ಕೊಟ್ಟು ಏಣಿಯ ಹತ್ತಿರ ಬಂದ. ಇಳಿಯುವ ಮೊದಲು ತಿರುಗಿ ನಿಂತು ಹೇಳಿದ.

“ನಮ್ಮ ಊರಿಗೂ ಬರ್ರಿ ಅವ್ವಾ. ನಮ್ಮ ಮನೀಗೆ ಬರ್ರಿ. ನಮ್ಮಲ್ಲೂ ಹುಳ ಅವ.”

ನಮ್ಮ ಕಡೆ ಇದು ಮಾತಿಗೆ ಆಡುವ ಮಾತು. ಬಸ್ಸಿನಲ್ಲಿ ಪಕ್ಕ ಕೂತ ಕರಜಗಿಯವನಿಗೂ ಇಳಿಯುವಾಗ ಅನ್ನುತ್ತೇವೆ. ಅವನು ಬರುವುದಿಲ್ಲ, ನಾವೂ ದಾರಿ ಕಾಯುವುದಿಲ್ಲ. ಹಾಗೆ ಅನ್ನದೆ ಬಂದರೆ ಮಾತ್ರ ಮನಸ್ಸಿಗೆ ಕಸಿವಿಸಿ. ಇದೆಲ್ಲ ನಮಗೆ ಗೊತ್ತು. ಅವಳಿಗೆ ಯಾರು ಹೇಳಬೇಕು?

ಮುದುಕಿ ಎದ್ದು, ಸೊಂಟದವರೆಗೆ ಬಗ್ಗಿ ನಮಸ್ಕಾರ ಮಾಡಿದಳು.

ಕೆಳಗೆ ಶರಫುದ್ದೀನ ಕಾಯುತ್ತಿದ್ದ. “ಒಬ್ಬನೇ ಯಾರ ಜೋಡಿ ಮಾತಾಡಾಕತ್ತಿದ್ದಿ?”

“ಮ್ಯಾಲ ಕೆಲಸದಾಕಿ ಅದಾಳ.”

“ನಾ ಮೊದಲೇ ಹತ್ತಿ ನೋಡಿ ಬಂದೀನಿ. ಯಾರೂ ಇಲ್ಲ.”

ಊರು ತೋರಿಸಲು ಬಂದಿದ್ದವನನ್ನು ಕೇಳಿದರು. ಆ ಮನೆಯಲ್ಲಿ ಗೊಂಬೆ ಬಿಟ್ಟರೆ ಯಾರನ್ನೂ ಇಟ್ಟಿಲ್ಲ ಎಂದ. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದ. ಹಳೇ ಪೇಟೆಗೆ ಬೆಂಕಿ ಬಿದ್ದಾಗ, ಆ ಜಾಗದ ಮನೆಯ ಹೆಂಗಸು ಹುಳ ಬಿಟ್ಟು ಅಟ್ಟದಿಂದ ಇಳಿಯಲಿಲ್ಲವಂತೆ. ಸೈದಪ್ಪ ಬಸ್ಸಿನಲ್ಲಿ ಕೂತು ತನ್ನ ಕೈ ನೋಡಿಕೊಂಡ. ಬೆರಳಿಗೆಲ್ಲ ಹಸಿ ಸೊಪ್ಪಿನ ಹಾಲು ಅಂಟಿತ್ತು.

ಇಷ್ಟು ಅಲ್ಲಿಯದು.

ಇಲ್ಲಿ, ಆ ರಾತ್ರಿ, ಶಿವಕಾಂತಾ ಬಾಗಿಲು ತೆಗೆದಳು. ಗಂಡನ ಮುಖ ನೋಡಿ ನಗಲು ಹೋದಳು, ನಗೆ ಅರ್ಧಕ್ಕೇ ನಿಂತಿತು. ಅಷ್ಟು ಬಳಲಿದ್ದಳು.

“ಬಂದ್ರೇನು... ಒಬ್ರೇ ಬಂದ್ರಿ?”

“ಮತ್ಯಾರು ಬರ್ತಾರ?”

“ಇಲ್ಲ, ಇಬ್ರು ನಡದಂಗ ಕೇಳ್ತು.”

ಸೈದಪ್ಪ ಮಾತು ಬದಲಿಸಿದ. ಹುಳ ಕೊನೆಯ ಸಲ ಪೊರೆ ಬಿಟ್ಟು ಎದ್ದಿದ್ದವು. ಇನ್ನು ಗೂಡು ಕಟ್ಟುವವರೆಗೆ ಅವಕ್ಕೆ ತಿನ್ನುವುದೊಂದೇ ಕೆಲಸ, ಹಾಕುವವರಿಗೆ ಕಣ್ಣು ಮುಚ್ಚುವಂತಿಲ್ಲ. ಇವತ್ತು ರಾತ್ರಿ ನಾನು ಹಾಕುತ್ತೇನೆ, ನೀನು ಮಲಗು ಎಂದು ಹೇಳಬೇಕೆಂದುಕೊಂಡ. ಕೌದಿಯ ಮೇಲೆ ಮೈ ಚೆಲ್ಲಿದವನಿಗೆ ಹೇಳುವಷ್ಟು ಎಚ್ಚರ ಉಳಿಯಲಿಲ್ಲ.

ಬೆಳಿಗ್ಗೆ ನೋಡಿದರೆ ಎಲ್ಲ ತಟ್ಟೆಗಳಲ್ಲೂ ಸೊಪ್ಪು ತುಂಬಿತ್ತು. ಹೆಂಡತಿ ಹಾಕಿದ್ದಾಳೆ ಎಂದು ಅವನು ತಿಳಿದ. ಗಂಡ ಹಾಕಿದ್ದಾನೆ ಎಂದು ಅವಳು ತಿಳಿದಳು. ಬಾಯಿಬಿಟ್ಟು ಯಾರೂ ಕೇಳಲಿಲ್ಲ. ದಣಿದ ಮನೆಯಲ್ಲಿ ಕೆಲಸ ಯಾರು ಮಾಡಿದರು ಎಂದು ಕೇಳುವುದು ಕಡಿಮೆ, ಕೇಳಿದವರ ಪಾಲಿಗೆ ಮುಂದಿನ ಕೆಲಸ ಬೀಳುತ್ತದೆ. ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ.

ಆದರೆ ಶಿವಕಾಂತಾ ಏಳುವುದು ತಡವಾಗುತ್ತ ಬಂತು. ಮೊದಲು ಬಿಸಿಲು ಬಿದ್ದ ಮೇಲೆ ಎದ್ದಳು. ಆಮೇಲೆ ಮಧ್ಯಾಹ್ನ. ರೊಟ್ಟಿ ಬಡಿಯುತ್ತ ಬಡಿಯುತ್ತ ಹಿಟ್ಟಿನ ಕೊಣಮಿಗೆಯ ಮುಂದೆಯೇ ತೂಕಡಿಸಿದಳು. ಕರೆದರೆ ಹೂಂ ಅನ್ನುತ್ತಾಳೆ, ಕಣ್ಣು ತೆರೆಯುವುದಿಲ್ಲ. ಬಣ್ಣ ಬಿಳಿಚಿಕೊಂಡಿತ್ತು. ಎರಡು ಕೂಸು ಹೋದಾಗಲೂ ಅವಳು ಹೀಗೆ ಮಲಗಿರಲಿಲ್ಲ. ಇವಳೂ ಹೋದರೆ ನನಗೆ ಯಾರು ಎಂದು ಸೈದಪ್ಪ ಗೋಡೆಗೆ ಮುಖ ಮಾಡಿ ಅತ್ತ.

ಒಂದು ಬೆಳಗಿನ ಜಾವ ಗುರುಶಾಂತಮ್ಮ ಬಂದು ಅವನ ಭುಜ ಅಲುಗಿಸಿದಳು.

“ಲೇ ಸೈದ್ಯಾ... ಸಪ್ಪಳ ಮಾಡಬ್ಯಾಡ. ಹುಳದ ಮನ್ಯಾಗ ಯಾರೋ ಅದಾರ.”

“ಶಿವಕಾಂತಾ ಇರಬೇಕು.”

“ಆಕಿ ನನ್ನ ಬಾಜೂಕೇ ಮಲಗ್ಯಾಳ.”

ತಾಯಿ ಮಗ ಇಬ್ಬರೂ ಗೋಡೆ ಹಿಡಿದುಕೊಂಡು ಹೋದರು. ಒಳಗೆ ಕತ್ತಲೆ. ಚರಚರ ಚರಚರ... ಹುಳ ತಿನ್ನುತ್ತಿದ್ದವು. ಅದರ ನಡುವೆ... ಟೊಕ್... ಸರ್ರ್. ಬಾಗಿಲ ಸಂದಿಯಿಂದ ನೋಡಿದರು. ಒಂದು ಕೈ ಸೊಪ್ಪು ಹಾಕುತ್ತಿತ್ತು. ನೀಲಿ ತೋಳು. ಮುಖ ಕಾಣಲಿಲ್ಲ. ಗುರುಶಾಂತಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಹಾಗೇ ಹಿಂದಕ್ಕೆ ಸರಿದಳು.

ಒಲೆಯ ಮುಂದೆ ಕೂತು ಸೈದಪ್ಪ ಎಲ್ಲವನ್ನೂ ಹೇಳಿದ.

“ಕರದಿ? ಮನೀಗೆ ಕರದಿ?” ಅಂದಳು ತಾಯಿ.

“ಮಾತಿಗೆ ಅಂದೆ ಅವ್ವಾ.”

“ನೀ ಮಾತಿಗೆ ಅಂದಿ. ಆಕಿ ಸಮುದ್ರ ದಾಟಿ ಬಂದಾಳ.”

ಶಿವಕಾಂತಾಳನ್ನು ಎಬ್ಬಿಸಿ ಕೂರಿಸಿ ಕೇಳಿದರು. ಕನಸಿನಲ್ಲಿ ಯಾರಾದರೂ ಬರುತ್ತಾರೇನು?

“ಒಬ್ಬ ಮುದುಕಿ ಬರ್ತಾಳ,” ಅಂದಳು, ಕಣ್ಣು ಮುಚ್ಚಿಕೊಂಡೇ. “ನನ್ನ ಕಣ್ಣ ಮ್ಯಾಲ ಕೈ ಇಡ್ತಾಳ. ಏನೋ ಅಂತಾಳ, ತಿಳಿಯಂಗಿಲ್ಲ.”

ಗುರುಶಾಂತಮ್ಮ ಮಗನನ್ನು ಅಂಗಳಕ್ಕೆ ಕರೆದಳು. “ಆಕಿ ತನ್ನ ದಣಿವು ಇಕಿ ಮ್ಯಾಲ ಹಾಕಾಕತ್ತಾಳ. ಹಿಂಗೇ ಬಿಟ್ರ ಹುಳ ಗೂಡು ಕಟ್ಟೂದ್ರಾಗ ಇಕಿ ಏಳೂದಿಲ್ಲ. ಇವತ್ತೇ ಕಳಸಬೇಕು.”

“ಹೆಂಗ ಕಳಸೂದು?”

“ಕರದಾವ ನೀ. ಮನೀಗೆ ಬಂದ ಹೆಣ್ಣಮಗಳನ್ನ ಹೆಂಗ ಕಳಸ್ತಾರ? ಉಡಿ ತುಂಬಿ ಕಳಸ್ತಾರ.”

ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಬೇರು, ಎಲೆ ಅಡಿಕೆ ತೆಗೆದಿಟ್ಟಳು. ಹಬ್ಬಕ್ಕೆಂದು ತಂದಿದ್ದ ಕೆಂಪು ಕುಬಸದ ಖಣವೊಂದು ಟ್ರಂಕಿನಲ್ಲಿತ್ತು, ಅದನ್ನೂ ತೆಗೆದಳು. ಅವಳು ಮುತ್ತೈದೆಯೋ ಅಲ್ಲವೋ ಎಂದು ನಡುವೆ ಒಂದು ಅನುಮಾನ ಬಂತು. ಸತ್ತವಳಿಗೆ ಅದನ್ನೆಲ್ಲ ಕೇಳುವುದುಂಟೇ ಎಂದು ತಾನೇ ಬಿಟ್ಟಳು. ಇನ್ನೊಂದು ತೊಡಕು ದೊಡ್ಡದಿತ್ತು. ಹೋಗುವವರಿಗೆ ನಮ್ಮಲ್ಲಿ ಬರೀ ಹೋಗು ಅನ್ನುವುದಿಲ್ಲ, ಹೋಗಿ ಬಾ ಅನ್ನುತ್ತೇವೆ. ಹಾಗಂದರೆ ಇವಳು ಮತ್ತೆ ಬರುತ್ತಾಳೆ.

“ಹೋಗ್ರಿ ಅನ್ನು. ಅಷ್ಟೇ ಅನ್ನು. ಮುಂದ ಒಂದು ಮಾತು ಹಚ್ಚಬ್ಯಾಡ,” ಎಂದು ಮಗನಿಗೆ ಮತ್ತೆ ಮತ್ತೆ ಹೇಳಿದಳು.

ದೀಪ ಹಚ್ಚುವ ಹೊತ್ತು. ಹುಳದ ಮನೆಯ ಹೊಸ್ತಿಲಲ್ಲಿ ಉಡಿಯ ಸಾಮಾನು ಇಟ್ಟು ಇಬ್ಬರೂ ಅಂಗಳದಲ್ಲಿ ನಿಂತರು. ಹುಳದ ಸಪ್ಪಳ ನಿಂತಿತು. ಟೊಕ್... ಸರ್ರ್. ಒಳಗಿನಿಂದ ಬಾಗಿಲವರೆಗೆ ಬಂತು. ಕತ್ತಲೆಯಲ್ಲಿ ನೀಲಿ ಅಂಗಿಯ ಅಂಚು ಕಂಡಿತು. ಖಣ ಮೆಲ್ಲಗೆ ಮೇಲೆದ್ದಿತು.

“ಅನ್ನು,” ಅಂದಳು ತಾಯಿ.

ಸೈದಪ್ಪ ಬಾಯಿ ತೆರೆದ. ಮನೆಗೆ ಬಂದು, ಹೊಟ್ಟೆಗೊಂದು ತುತ್ತು ಕೇಳದೆ, ರಾತ್ರಿಯೆಲ್ಲ ದುಡಿದವಳಿಗೆ ಹೋಗ್ರಿ ಅನ್ನುವುದು ಹೇಗೆ? ಬರಲಿಲ್ಲ ಆ ಮಾತು. ಕೊನೆಗೆ ಗುರುಶಾಂತಮ್ಮನೇ ಗಟ್ಟಿ ಮನಸ್ಸು ಮಾಡಿದಳು.

“ಹೋಗವ್ವಾ. ಇನ್ನ ಈ ಕಡಿ ಬರಬ್ಯಾಡ.”

“ಯಾಕ್ ಹೊರಗ ಹಾಕಾಕತ್ತೀರಿ ಆಕಿನ್ನ?”

ಹಿಂದೆ ಶಿವಕಾಂತಾ ನಿಂತಿದ್ದಳು. ಬಾಗಿಲ ಚೌಕಟ್ಟು ಹಿಡಿದಿದ್ದಳು. ಎಷ್ಟೋ ದಿನಗಳ ಮೇಲೆ ಅವಳ ಕಣ್ಣು ಪೂರಾ ತೆರೆದಿದ್ದವು.

“ಒಳಗ ನಡಿ ಬೇ,” ಅಂದ ಸೈದಪ್ಪ, ಗಾಬರಿಯಿಂದ. “ಆಕಿ ನಿನ್ನ ಒಯ್ಯಾಕ ಬಂದಾಳ.”

“ಒಯ್ಯಾಕಲ್ಲ. ಈ ಮನ್ಯಾಗ ನನಗ ಮಲಗು ಅಂದಾಕಿ ಆಕಿ ಒಬ್ಬಾಕಿ.” ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ದಣಿವು ಮಾತ್ರ ಇತ್ತು. “ಮಾತು ತಿಳೀದಿದ್ರೂ ಅಷ್ಟು ತಿಳಿತದ.”

ಶಿವಕಾಂತಾ ಅತ್ತೆ ಮತ್ತು ಗಂಡನ ನಡುವೆ ಹಾದು ಹೊಸ್ತಿಲವರೆಗೆ ಹೋದಳು. ಕತ್ತಲೆಗೆ ಕೈ ಮುಗಿದಳು.

“ಹೋಗಿ ಬರ್ರಿ ಅವ್ವಾ.”

ಸಪ್ಪಳ ಅಂಗಳ ದಾಟಿತು. ಟೊಕ್... ಟೊಕ್... ಟೊಕ್... ಈ ಸಲ ಕಾಲು ಎಳೆಯುವ ಸಪ್ಪಳವಿರಲಿಲ್ಲ. ಓಣಿಯ ಫರ್ಸಿಗಲ್ಲಿನ ಮೇಲೆ ಬಾವಿಯ ಕಡೆ ಹೋಯಿತು. ಆಮೇಲೆ ಏನೂ ಇಲ್ಲ.

ಆ ರಾತ್ರಿ ಸೈದಪ್ಪ ಹೆಂಡತಿಗೆ ಕೌದಿ ಹೊದಿಸಿ, ಬುಟ್ಟಿ ಹಿಡಿದು ಹುಳದ ಮನೆಗೆ ತಾನೇ ಹೋದ. ಗುರುಶಾಂತಮ್ಮ ಮೊಣಕಾಲು ನೀವಿಕೊಳ್ಳುತ್ತ ಬಂದು ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸಿ ಕೊಟ್ಟಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾಚಿಕೆಯಾಗಿತ್ತು.

ಬೆಳಗಾದ ಮೇಲೆ ಸೂಲಗಿತ್ತಿ ಮಾಣಿಕಮ್ಮನನ್ನು ಕರೆಸಿದರು. ಅವಳು ಶಿವಕಾಂತಾಳ ಹೊಟ್ಟೆ ಮುಟ್ಟಿ ನೋಡಿದಳು. ಮುಟ್ಟಿದವಳು ಕೈ ತೆಗೆಯಲೇ ಇಲ್ಲ.

“ನಾಕು ತಿಂಗಳು ತುಂಬ್ಯಾವ. ಯಾಕ ಹೇಳಿಲ್ಲ ಬೇ?”

“ಎರಡ ಸಲ ಹೇಳಿದ್ದೆ,” ಅಂದಳು ಶಿವಕಾಂತಾ. “ಈ ಸಲ ಹೇಳಾಕ ಧೈರ್ಯ ಆಗಲಿಲ್ಲ.”

“ಈ ವಾರ ನೀ ಮಲಗಿದ್ದಕ್ಕ ಉಳದದ ಇದು. ಎದ್ದು ಓಡಾಡಿದ್ರ ಇದೂ ಹೋಗ್ತಿತ್ತು.”

ಮಾಣಿಕಮ್ಮ ಹೊರಗೆ ಬಂದವಳು ಹುಳದ ಮನೆಯ ಹೊಸ್ತಿಲ ಮೇಲೆ ಏನೋ ಕಂಡು ಎತ್ತಿಕೊಂಡಳು. ಅಕ್ಕಿ, ಕೊಬ್ಬರಿ ಅಲ್ಲಿರಲಿಲ್ಲ. ಖಣ ಇತ್ತು. ಆದರೆ ಅದು ಖಣವಾಗಿರಲಿಲ್ಲ, ಅಂಗೈಯಗಲದ ಒಂದು ಕೂಸಿನ ಅಂಗಿಯಾಗಿತ್ತು. ಗುಂಡಿ ಇಲ್ಲ, ಎದೆಯ ಮೇಲೆ ಒಂದರ ಮೇಲೊಂದು ಮಡಚಿ ಲಾಡಿ ಕಟ್ಟುವ ನಮೂನೆ. ಹಾಗೆ ಹೊಲಿಯುವವರು ಆಳಂದ ತಾಲೂಕಿನಲ್ಲಿ ಇಲ್ಲ.

ಆ ಅಂಗಿಯನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಬೇಕಾದರೆ ಶಿವಕಾಂತಾಳ ಟ್ರಂಕಿನಲ್ಲಿ ಈಗಲೂ ಇದೆ, ಹೋಗಿ ಕೇಳಿ. ಕೂಸಿನ ತೊಟ್ಟಿಲಿಗೆ ಇಜೇರಿಯಿಂದ ಶರಫುದ್ದೀನ ಬಂದಿದ್ದ. ಅವನು ಹೊಲಿಗೆಯ ದಾರವನ್ನು ಬೆರಳಲ್ಲಿ ಹೊಸೆದು, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದ. ಗೂಡಿನಿಂದ ಆಗಷ್ಟೇ ತೆಗೆದ ಕಚ್ಚಾ ರೇಷ್ಮೆ ಎಂದ. ಸೈದಪ್ಪ ಹೌದೆಂದು ತಲೆಯಾಡಿಸಿದ. ಅಂಗಿ ಸಿಕ್ಕ ದಿನ ಅವನ ಮನೆಯ ಹುಳಗಳಲ್ಲಿ ಒಂದೂ ಇನ್ನೂ ಗೂಡು ಕಟ್ಟಿರಲಿಲ್ಲ.